ಟ್ರೆಕ್ಕಿಂಗ್‌ಗೆ ಒಂದು ಲೋಟ ಬೇಕಿತ್ತು

ಹೋದ ವರ್ಷ ಮೇ ತಿಂಗಳಲ್ಲಿ ನಾವು ನಾಲ್ಕು ಜನ ಗೆಳೆಯರು ಹಿಮಾಚಲ ಪ್ರದೇಶದ ಸಾರ್ ಪಾಸ್‌ಗೆ ಟ್ರೆಕ್ಕಿಂಗ್ ಹೋಗಿದ್ದೆವು. ನಾಲ್ವರೂ ಒಟ್ಟಿಗೆ ಪತ್ರಿಕೋದ್ಯಮ ಡಿಪ್ಲೊಮಾ ಓದಿದವರು. ಒಬ್ಬ ಬೆಂಗಳೂರಿನಲ್ಲಿ ವಿಡಿಯೊ ಎಡಿಟರ್, ಒಬ್ಬ ಪಂಚಾಯಿತಿಯಲ್ಲಿ ಡಾಟಾ ಎಂಟ್ರಿ ಕೆಲಸ ಮಾಡುತ್ತಾನೆ, ಇನ್ನೊಬ್ಬ ಅಪ್ಪನ ಅಡಿಕೆ ತೋಟ ನೋಡಿಕೊಂಡಿದ್ದಾನೆ. ಪತ್ರಿಕೆಯಲ್ಲಿ ಉಳಿದವನು ನಾನೊಬ್ಬನೇ. ಅದೂ ಸ್ಟ್ರಿಂಗರ್. ಸುದ್ದಿಗೆ ಇಷ್ಟು ಅಂತ ದುಡ್ಡು. ಹಾಗಾಗಿ ಟ್ರೆಕ್ಕಿಂಗ್ ಫೀಸಿಗೆ ಒಂದು ವರ್ಷ ಕೂಡಿಟ್ಟಿದ್ದೆ.

ನಾವು ಹೋಗಿದ್ದು ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಮೂಲಕ. ಅವರ ಕ್ಯಾಂಪಿನಲ್ಲಿ ಊಟ, ಚಹಾ ಎಲ್ಲಾ ಕೊಡುತ್ತಾರೆ. ಆದರೆ ತಟ್ಟೆ, ಚಮಚ, ಮಗ್ ನಾವೇ ಒಯ್ಯಬೇಕು, ನಾವೇ ತೊಳೆದುಕೊಳ್ಳಬೇಕು. ತರಬೇಕಾದ ಸಾಮಾನಿನ ಪಟ್ಟಿಯಲ್ಲಿ ಶೂ, ರೇನ್‌ಕೋಟ್, ಟಾರ್ಚ್ ಎಲ್ಲದರ ಕೆಳಗೆ ಒಂದು ಮಗ್ ಕೂಡ ಇತ್ತು.

ಅದೇನು ದೊಡ್ಡ ವಿಷಯ, ಮನೆಯಲ್ಲಿರುವ ಸ್ಟೀಲ್ ಲೋಟ ಹಾಕಿಕೊಂಡು ಹೋದರಾಯಿತು ಅಂದುಕೊಂಡಿದ್ದೆ. ಅಲ್ಲಿಂದ ಶುರುವಾದದ್ದು ಹದಿನೈದು ದಿನ ಎಳೆಯಿತು.

ಮೊದಲು ನಾನು ತಿಳಿದುಕೊಂಡದ್ದನ್ನು ಹೇಳಿಬಿಡುತ್ತೇನೆ. ಬೆಟ್ಟಕ್ಕೆ ಹೋಗುವವರಿಗೆ ಮಾತ್ರ ಅಲ್ಲ, ಹೊಲಕ್ಕೆ ಚಹಾ ಒಯ್ಯುವವರಿಗೂ ಉಪಯೋಗವಾಗುತ್ತದೆ.

ಮನೆಯ ಸ್ಟೀಲ್ ಲೋಟದಿಂದ ಶುರು ಮಾಡೋಣ. ಅದರ ಬಾಯಿ ಅಂಚು ಸ್ವಲ್ಪ ಹೊರಕ್ಕೆ ಬಾಗಿರುತ್ತದೆ, ನೋಡಿ. ಬಿಸಿ ಕಾಫಿ ಇದ್ದಾಗ ಆ ಅಂಚನ್ನು ಎರಡು ಬೆರಳಲ್ಲಿ ಹಿಡಿದುಕೊಳ್ಳಬಹುದು, ಲೋಟ ಬಾಯಿಗೆ ತಾಗಿಸದೆ ಎತ್ತಿ ಕುಡಿಯುವುದೂ ಸುಲಭ. ಮನೆಯಲ್ಲಿ ಕೂತು ಕುಡಿಯಲು ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ಆದರೆ ಚಳಿಯಲ್ಲಿ ಕೈಗವಸು ಹಾಕಿಕೊಂಡು ಇಳಿಜಾರಿನಲ್ಲಿ ನಿಂತವನಿಗೆ ಆ ಅಂಚು ಸಾಲದು. ಜಾರುತ್ತದೆ.

ಪ್ಲಾಸ್ಟಿಕ್ ಮಗ್ ಹಗುರ, ಅಗ್ಗ, ತುಟಿ ಸುಡುವುದಿಲ್ಲ. ಆದರೆ ಬೆಳಿಗ್ಗೆ ಚಹಾ, ಮಧ್ಯಾಹ್ನ ದಾಲ್ ಒಂದೇ ಮಗ್‌ನಲ್ಲಿ ಕುಡಿದರೆ ಮೂರನೇ ದಿನಕ್ಕೆ ವಾಸನೆ ಕಟ್ಟುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಒಲೆ ಮೇಲಂತೂ ಇಡುವ ಹಾಗಿಲ್ಲ.

ಬಿಳಿ ಬಣ್ಣದ, ನೀಲಿ ಅಂಚಿನ ಪಿಂಗಾಣಿ ಮಗ್ ಸಿನಿಮಾಗಳಲ್ಲಿ ನೋಡಿರುತ್ತೀರಿ. ಒಳಗಿರುವುದು ಕಬ್ಬಿಣದ ತಗಡು, ಮೇಲೆ ಗಾಜಿನಂಥ ಲೇಪ. ನೋಡಲು ಚೆಂದ, ಒಲೆ ಮೇಲೂ ಇಡಬಹುದು. ಕಲ್ಲಿಗೆ ಬಡಿದರೆ ಲೇಪದ ಚಕ್ಕೆ ಏಳುತ್ತದೆ, ಎದ್ದ ಕಡೆ ತುಕ್ಕು ಹಿಡಿಯುತ್ತದೆ. ಬ್ಯಾಗಿನಲ್ಲಿ ಹಾಕಿ ಎತ್ತಿ ಎಸೆಯುವವರಿಗೆ ಅಲ್ಲ.

ಇನ್ನು ಟೈಟಾನಿಯಂ. ಯೂಟ್ಯೂಬಿನಲ್ಲಿ ಟ್ರೆಕ್ಕಿಂಗ್ ಮಾಡುವವರೆಲ್ಲ ಹೊಗಳುವುದು ಇದನ್ನೇ. ಒಂದೇ ಅಳತೆಯ ತುಂಡು ತೆಗೆದುಕೊಂಡರೆ ಸ್ಟೀಲಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತೂಗುತ್ತದೆ, ಅಷ್ಟೆ. ಗಟ್ಟಿ, ತುಕ್ಕು ಹಿಡಿಯುವುದಿಲ್ಲ, ಹುಳಿಗೂ ಏನೂ ಆಗುವುದಿಲ್ಲ. ಆದರೆ ಬೆಲೆ ನೋಡಿ ಮೊಬೈಲ್ ಕೆಳಗಿಟ್ಟೆ. ಒಂದು ಮಗ್‌ಗೆ ನಾನು ಎಷ್ಟು ಸುದ್ದಿ ಕಳಿಸಬೇಕು ಅಂತ ಲೆಕ್ಕ ಹಾಕಿದೆ. ಆ ಲೆಕ್ಕ ಇಲ್ಲಿ ಬೇಡ.

ಎರಡು ಪದರದ ಸ್ಟೀಲ್ ಮಗ್ ಇದೆ. ನಡುವೆ ಜಾಗ ಇರುವುದರಿಂದ ಹೊರಗೆ ಕೈ ಸುಡುವುದಿಲ್ಲ, ಒಳಗೆ ಚಹಾ ಬೇಗ ಆರುವುದಿಲ್ಲ. ಎರಡು ತಪ್ಪಿವೆ ಇದರಲ್ಲಿ. ಒಂದು, ಭಾರ. ಎರಡು, ಅದನ್ನು ಬೆಂಕಿಯ ಮೇಲೆ ಇಡಲೇಬಾರದು. ಎರಡು ಪದರದ ನಡುವೆ ಸಿಕ್ಕಿಕೊಂಡ ಗಾಳಿ ಕಾದು ಹಿಗ್ಗಿ ಮಗ್ ಸೀಳಬಹುದು. ಇದು ಗೊತ್ತಿಲ್ಲದೆ ಗ್ಯಾಸ್ ಮೇಲೆ ಇಟ್ಟು ಹಾಲು ಬಿಸಿ ಮಾಡುವವರು ನಮ್ಮ ಮನೆಗಳಲ್ಲೂ ಇದ್ದಾರೆ, ಹೇಳಿಬಿಡಿ.

ಕೊನೆಗೆ ಅಲ್ಯೂಮಿನಿಯಂ. ನಮ್ಮ ಕಡೆ ಸಿಲವಾರ ಅನ್ನುತ್ತೇವೆ, ಉತ್ತರ ಕರ್ನಾಟಕದ ಕಡೆ ಜರ್ಮನ್ ಅನ್ನುತ್ತಾರೆ. ಎಲ್ಲಕ್ಕಿಂತ ಹಗುರ, ಸ್ಟೀಲಿನ ಮೂರನೇ ಒಂದು ಭಾಗದಷ್ಟು ತೂಕ. ಆದರೆ ಶಾಖವನ್ನು ಸ್ಟೀಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಹರಿಸುತ್ತದೆ. ಅಂದರೆ ಬಿಸಿ ಚಹಾ ಬಿದ್ದ ಕೂಡಲೇ ಇಡೀ ಲೋಟ ಕಾದು ಕೈ ಸುಡುತ್ತದೆ, ಅಂಚು ತುಟಿ ಸುಡುತ್ತದೆ. ಹುಣಸೆ, ಟೊಮೆಟೊ, ನಿಂಬೆಯ ಹುಳಿ ಬಿದ್ದರೆ ಲೋಹ ಸ್ವಲ್ಪ ಸ್ವಲ್ಪ ಕರಗುತ್ತದೆ.

ಸಿಲವಾರದ ವಿಷಯ ಓದುತ್ತಿದ್ದಾಗಲೇ ನನಗೆ ನಮ್ಮ ಮನೆಯ ಗೂಡಿನಲ್ಲಿರುವ ಅಜ್ಜನ ಲೋಟ ನೆನಪಾಯಿತು.

ಸಿಲವಾರದ್ದೇ. ತಳ ನಜ್ಜುಗುಜ್ಜಾಗಿದೆ. ಪಕ್ಕದಲ್ಲಿ ಎರಡು ರಿವೆಟ್ ಹೊಡೆದು ಕೂರಿಸಿದ ಹಿಡಿ ಇದೆ. ಈಗಿನ ಭಾಷೆಯಲ್ಲಿ ಹೇಳುವುದಾದರೆ ಅದು ಮಗ್ಗೇ. ಅದರಲ್ಲಿ ಅವ್ವ ಬಟನ್, ಸೂಜಿ, ಹಳೇ ಬ್ಯಾಟರಿ ಹಾಕಿಟ್ಟಿದ್ದಾಳೆ. ಎತ್ತಿ ನೋಡಿದರೆ ಎಷ್ಟು ಹಗುರ ಅಂತೀರಿ! ಇದನ್ನೇ ತೊಳೆದು ಒಯ್ಯುತ್ತೇನೆ, ದುಡ್ಡೂ ಉಳಿಯುತ್ತದೆ, ಅಜ್ಜನ ಲೋಟ ಹಿಮಾಲಯ ನೋಡಿದ ಹಾಗೂ ಆಗುತ್ತದೆ ಅಂದುಕೊಂಡೆ. ಫೋಟೊ ತೆಗೆದು ಸ್ಟೇಟಸ್ ಹಾಕುವುದನ್ನೂ ಯೋಚಿಸಿದ್ದೆ.

ಅಪ್ಪ ನೋಡಿದರು. "ಅದನ್ನ ಯಾಕ್ ತೆಗ್ದೆ?"

ಹೇಳಿದೆ.

"ಬ್ಯಾಡ. ಅಲ್ಲೇ ಇಡು."

ಅಷ್ಟೇ. ಯಾಕೆ ಅಂತ ಕೇಳಿದರೆ ಎದ್ದು ಹೊರಗೆ ಹೋದರು. ಕಥೆ ಹೇಳಿದ್ದು ಅವ್ವ. ಅವ್ವನಿಗೆ ಹೇಳಿದ್ದು ಅಜ್ಜಿ.

ಅಜ್ಜ ಹರೆಯದವನಿದ್ದಾಗ ವಾರಕ್ಕೊಮ್ಮೆ ಸಂತೆಗೆ ಮೂಟೆ ಹೊರಲು ಹೋಗುತ್ತಿದ್ದ. ಸಂತೆ ಊರಿನ ಹೋಟೆಲಿನಲ್ಲಿ ನಮ್ಮ ಜನಕ್ಕೆ ಒಳಗೆ ಜಾಗ ಇರಲಿಲ್ಲ, ಒಳಗಿನ ಲೋಟವೂ ಇರಲಿಲ್ಲ. ಹಿಂದುಗಡೆ ಸೂರಿನ ಗರಿಯಲ್ಲಿ ತೆಂಗಿನ ಚಿಪ್ಪು ಸಿಕ್ಕಿಸಿರುತ್ತಿದ್ದರು. ಅದನ್ನು ತೆಗೆದುಕೊಂಡು ಮೇಲಿಂದ ಹಾಕಿಸಿಕೊಂಡು ಕುಡಿದು ತೊಳೆದು ಮತ್ತೆ ಅಲ್ಲೇ ಸಿಕ್ಕಿಸಬೇಕು. ಸಂವಿಧಾನ ಬಂದಾಗಿತ್ತು. ಅದರ 17ನೇ ವಿಧಿ ಅಸ್ಪೃಶ್ಯತೆ ತೆಗೆದುಹಾಕಿತ್ತು, 15ನೇ ವಿಧಿ ಅಂಗಡಿ ಹೋಟೆಲುಗಳ ಬಾಗಿಲು ಎಲ್ಲರಿಗೂ ತೆರೆದಿತ್ತು. 1955ರಲ್ಲಿ ಇದನ್ನು ಅಪರಾಧ ಮಾಡುವ ಕಾಯ್ದೆಯೂ ಬಂದಿತ್ತು. ಚಿಪ್ಪು ಮಾತ್ರ ಸೂರಿನಲ್ಲೇ ಇತ್ತು.

ಅಜ್ಜ ಚಿಪ್ಪಿನಲ್ಲಿ ಕುಡಿಯಲ್ಲ ಅಂತ ಹಟ ಹಿಡಿದು ಸಂತೆಯಲ್ಲಿ ಒಂದು ಸಿಲವಾರದ ಲೋಟ ಕೊಂಡನಂತೆ. ಹಿಡಿ ಇಲ್ಲದ್ದು. ಚಹಾ ಹಾಕುವವನು ಮುಟ್ಟಬಾರದು ಅಂತ ಒಂದು ಮೊಳ ಎತ್ತರದಿಂದ ಸುರಿಯುತ್ತಿದ್ದ. ಲೋಟ ಆ ಕ್ಷಣಕ್ಕೇ ಕಾಯುತ್ತಿತ್ತು. ಕೆಳಗಿಡುವ ಹಾಗಿಲ್ಲ, ಇನ್ನೂ ಸುರಿಯುತ್ತಿದ್ದಾನೆ. ಅಲುಗಾಡಿಸಿದರೆ ಚೆಲ್ಲುತ್ತದೆ, ಚೆಲ್ಲಿದರೆ ಬೈಗುಳ. ಎರಡು ಸಂತೆ ಬೆರಳು ಸುಟ್ಟುಕೊಂಡ ಮೇಲೆ ಮೂರನೇ ಸಂತೆಗೆ ಆ ಲೋಟ ವಾಪಸ್ ಕೊಟ್ಟು, ಮೇಲೆ ಎಂಟಾಣೆ ಹಾಕಿ, ಹಿಡಿ ಇರುವುದನ್ನು ತಂದ. ಅದೇ ಇದು.

ಬಿಸಿ ಲೋಟಕ್ಕೆ ಹಿಡಿ ಯಾಕೆ ಬೇಕು ಅಂತ ನಾನು ಇಂಟರ್‌ನೆಟ್ಟಿನಲ್ಲಿ ಹುಡುಕುತ್ತಿದ್ದೆ. ಅಜ್ಜನಿಗೆ ಅದು ಎರಡು ಸಂತೆಯಲ್ಲಿ ಗೊತ್ತಾಗಿತ್ತು.

ಮರುದಿನ ಅಪ್ಪ ಐನೂರರ ನೋಟು ತಂದು ನನ್ನ ಕೈಲಿಟ್ಟರು. "ಹೊಸದು ತಗಾ. ಅಂವ ಗತಿ ಇಲ್ದೆ ಹೊತ್ಕಂಡು ತಿರುಗ್ದ. ನೀನು ಖುಷಿಗೆ ಹೋಗ್ತಿದೀಯ, ಖುಷೀದು ತಗಾ." ನನಗೆ ಮೂವತ್ತನಾಲ್ಕು ವರ್ಷ. ಅಪ್ಪನ ಕೈಯಿಂದ ದುಡ್ಡು ಇಸಕೊಳ್ಳುವ ವಯಸ್ಸಲ್ಲ. ಇಸಕೊಂಡೆ.

ಜಿಲ್ಲಾ ಕೇಂದ್ರದಲ್ಲಿ ಕ್ರೀಡಾ ಸಾಮಾನಿನ ಅಂಗಡಿಗೆ ಹೋಗಿ ಒಂದು ಪದರದ ಸ್ಟೀಲ್ ಮಗ್ ಆರಿಸಿದೆ. 400 ಎಂ.ಎಲ್. ಹಿಡಿಯುತ್ತದೆ. ತಂತಿಯ ಎರಡು ಹಿಡಿ, ಮಡಚಿ ಮಗ್‌ಗೆ ಅಂಟಿಸಬಹುದು. ಒಳಗಡೆ ಎಂ.ಎಲ್. ಗೆರೆಗಳಿವೆ. 480 ರೂಪಾಯಿ. ನಮ್ಮೂರಿನ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟು ನೋಡಿದೆ, 138 ಗ್ರಾಂ ಬಂತು. ಅಂಗಡಿಯವರು "ಖಾಲಿ ಲೋಟ ತೂಗ್ಸೋಕೆ ಬಂದಿದೀಯಲ್ಲ ಮಾರಾಯ" ಅಂತ ನಕ್ಕರು.

ಕೊಳ್ಳುವಾಗ ನಾನು ನೋಡಿದ್ದು ಇಷ್ಟು. ಹಿಡಿಯಲ್ಲಿ ಕೈಗವಸು ಹಾಕಿದ ಎರಡು ಬೆರಳು ತೂರಬೇಕು. ಮಡಚುವ ಹಿಡಿಯಾದರೆ ಮಗ್ ತುಂಬ ನೀರು ಹಾಕಿ ಎತ್ತಿ ನೋಡಬೇಕು, ಸಡಿಲ ಇದ್ದರೆ ಮಡಚಿಕೊಂಡು ಬಿಸಿಯೆಲ್ಲ ತೊಡೆಯ ಮೇಲೆ ಬೀಳುತ್ತದೆ. ಹಿಡಿಗೆ ರಬ್ಬರ್ ಸುತ್ತಿದ್ದರೆ ಕೈಗೆ ಹಿತ, ಆದರೆ ಒಲೆ ಮೇಲೆ ಇಟ್ಟಾಗ ಅದು ಉರಿಗೆ ಸಿಗುತ್ತದೆ. ಬಾಯಿ ಅಗಲ ಇರಬೇಕು, ಕೈ ಒಳಗೆ ಹೋಗಿ ತಳ ಉಜ್ಜಲು ಬರಬೇಕು. ಗೆರೆ ಇದ್ದರೆ ಒಳ್ಳೆಯದು. ಚಿಕ್ಕ ಓಆರ್‌ಎಸ್ ಪೊಟ್ಟಣವನ್ನು 200 ಎಂ.ಎಲ್. ನೀರಿಗೆ ಹಾಕಬೇಕು. ಬೆಟ್ಟದಲ್ಲಿ ಭೇದಿಯಾದಾಗ ಅಂದಾಜು ಮಾಡುತ್ತಾ ಕೂರಲು ಆಗುವುದಿಲ್ಲ.

ಇನ್ನು ಟ್ರೆಕ್ಕಿಂಗ್ ಕಥೆ. ಪಾರ್ವತಿ ಕಣಿವೆಯ ಕಸೋಲ್‌ನಲ್ಲಿ ಬೇಸ್ ಕ್ಯಾಂಪ್. ಅಲ್ಲಿಂದ ದಿನಕ್ಕೊಂದು ಕ್ಯಾಂಪ್ ಮೇಲೇರುತ್ತಾ 13,800 ಅಡಿಯ ಸಾರ್ ಪಾಸ್ ದಾಟಿ ಇಳಿಯಬೇಕು. ಬೆಳಿಗ್ಗೆ ಚಹಾ, ಸಂಜೆ ಸೂಪು, ರಾತ್ರಿ ಮಲಗುವ ಮುಂಚೆ ಬೋರ್ನ್‌ವಿಟಾ. ಪ್ರತಿ ಸಲವೂ ಮಗ್ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಡಾಕ್ಟರು, ಬ್ಯಾಂಕಿನವರು, ಕಾಲೇಜು ಹುಡುಗಿಯರು, ನಾನು. ಅಡುಗೆಯವನು ಒಂದೇ ಸೌಟಿನಲ್ಲಿ, ಮಗ್ ಬಾಯಿಗೆ ಸೌಟು ತಾಗಿಸಿಯೇ ಹಾಕುತ್ತಿದ್ದ. ಮೊದಲ ದಿನ ನಾನು ಅದನ್ನೇ ನೋಡುತ್ತಾ ನಿಂತಿದ್ದೆ. ಹಿಂದಿನವರು "ಮುಂದೆ ಹೋಗಿ ಸರ್" ಅಂದರು.

ಒಂದು ಸಂಜೆ ನಮ್ಮ ಗುಂಪಿನಲ್ಲಿ ಮಲಾನಾ ಮಾತು ಬಂತು. ಕಸೋಲ್‌ನಿಂದ ದೂರವಿಲ್ಲದ ಊರು ಅದು. ಅಲ್ಲಿನ ದೇವಸ್ಥಾನ, ಮನೆಗಳನ್ನು ಹೊರಗಿನವರು ಮುಟ್ಟಬಾರದು ಅಂತ ಕಟ್ಟಳೆ ಇದೆ, ಮುಟ್ಟಿದರೆ ದಂಡ ಕಟ್ಟಬೇಕು. ಬೆಂಗಳೂರಿನಿಂದ ಬಂದಿದ್ದ ಒಬ್ಬರು "ಈ ಕಾಲದಲ್ಲೂ ಹೀಗಿದೆಯಾ! ಎಷ್ಟು ವಿಚಿತ್ರ ಅಲ್ವಾ" ಅಂದರು. ನಮ್ಮ ನಾಲ್ವರಲ್ಲಿ ಅಡಿಕೆ ತೋಟದ ಗೆಳೆಯ ನನ್ನ ಮುಖ ನೋಡಿದ. ನಾನು ಮಗ್ ತೊಳೆಯಲು ಎದ್ದೆ.

ಮಗ್ ಬಗ್ಗೆ ನಾನು ಮಾಡಿದ ತಪ್ಪು ಮೇಲಿನ ಕ್ಯಾಂಪುಗಳಲ್ಲಿ ಗೊತ್ತಾಯಿತು. ಸಾವಿರ ಅಡಿ ಏರಿದಂತೆ ನೀರು ಕುದಿಯುವ ಬಿಸಿ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. 12 ಸಾವಿರ ಅಡಿಯಲ್ಲಿ ನೀರು 88 ಡಿಗ್ರಿ ಹತ್ತಿರವೇ ಕುದಿದುಬಿಡುತ್ತದೆ. ಅಂದರೆ ಚಹಾ ಒಲೆಯಿಂದ ಇಳಿಯುವಾಗಲೇ ನಮ್ಮೂರಿನಷ್ಟು ಬಿಸಿ ಇರುವುದಿಲ್ಲ. ಮೇಲೆ ಗಾಳಿ. ನನ್ನ ಒಂದು ಪದರದ ಮಗ್‌ನಲ್ಲಿ ಮೂರು ಗುಟುಕು ಕುಡಿಯುವುದರಲ್ಲಿ ತಣ್ಣಗಾಗುತ್ತಿತ್ತು. ವಿಡಿಯೊ ಎಡಿಟರ್ ಗೆಳೆಯ ಎರಡು ಪದರದ ಮಗ್‌ನಲ್ಲಿ ಆರಾಮಾಗಿ ಹೀರುತ್ತಾ ನನ್ನನ್ನು ನೋಡಿ ನಗುತ್ತಿದ್ದ. ಕೊನೆಗೆ ಒಗೆದ ಉಣ್ಣೆ ಕಾಲುಚೀಲವೊಂದನ್ನು ಮಗ್‌ಗೆ ತೊಡಿಸಿದೆ. ನೋಡಲು ಅಸಹ್ಯ, ಆದರೆ ಕೆಲಸ ಮಾಡಿತು. ಹಾಗಾಗಿ ಪ್ರಾಮಾಣಿಕವಾಗಿ ಹೇಳುತ್ತೇನೆ. ಬೇರೆಯವರು ಕಾಯಿಸಿ ಹಾಕುವ ಕ್ಯಾಂಪಿಗೆ ಎರಡು ಪದರದ ಮಗ್ಗೇ ಸರಿ. ನೀವೇ ಒಲೆ ಹಚ್ಚಿ ಕಾಯಿಸಿಕೊಳ್ಳುವ ಕಡೆ ಒಂದು ಪದರದ್ದು ಸರಿ. ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲಿ ಬೆಂಕಿ ಹಚ್ಚುವುದು ಅಪರಾಧ, ಅಲ್ಲಿಗೆ ಫ್ಲಾಸ್ಕ್ ಒಯ್ಯಿರಿ.

ಪಾಸ್ ದಾಟುವ ಹಿಂದಿನ ರಾತ್ರಿ ಇನ್ನೊಂದು ನಡೆಯಿತು. ಕರಾವಳಿ ಕಡೆಯ ಬ್ಯಾಂಕ್ ಉದ್ಯೋಗಿಯೊಬ್ಬರು ನಮ್ಮ ಟೆಂಟಿನಲ್ಲಿದ್ದರು. ಐವತ್ತರ ಹತ್ತಿರದವರು. ಜನಿವಾರ ಇತ್ತು. ಸಂಜೆ ಮಗ್ ತೊಳೆಯುವಾಗ ಅವರ ಕೈಯಿಂದ ಜಾರಿ ಹಿಮದ ಇಳಿಜಾರಿನಲ್ಲಿ ಉರುಳಿಕೊಂಡು ಹೋಯಿತು. ಹಿಡಿ ಇಲ್ಲದ ದುಂಡನೆಯ ಮಗ್, ಎಲ್ಲೂ ನಿಲ್ಲಲಿಲ್ಲ. ರಾತ್ರಿ ಬೋರ್ನ್‌ವಿಟಾ ಹೊತ್ತಿಗೆ ನನ್ನ ಹತ್ತಿರ ಬಂದು, "ನೀವು ಕುಡಿದ ಮೇಲೆ ನಿಮ್ಮ ಮಗ್ ಸ್ವಲ್ಪ ಕೊಡ್ತೀರಾ?" ಅಂದರು.

ಕುಡಿದು ತೊಳೆಯಲು ಹೊರಟೆ. "ಬೇಡ ಮಾರಾಯ್ರೆ, ಈ ನೀರಿಗೆ ಕೈ ಹಾಕಿದ್ರೆ ಕೈ ಇರುವುದಿಲ್ಲ. ಹಾಗೇ ಕೊಡಿ" ಅಂತ ನನ್ನ ಕೈಯಿಂದ ತೆಗೆದುಕೊಂಡು, ಹಾಕಿಸಿಕೊಂಡು ಬಂದು ಕುಡಿದರು.

ಮಗ್‌ನಲ್ಲಿ ಎತ್ತಿ ಕುಡಿಯಲು ಬರುವುದಿಲ್ಲ. ಬಾಯಿ ಇಡಲೇಬೇಕು.

ಚಳಿ ಜಾತಿಯನ್ನು ಮರೆಸಿತು ಅಂತೆಲ್ಲ ನಾನು ಬರೆಯುವುದಿಲ್ಲ. ಅವರು ಮನೆಯಲ್ಲೂ ಹಾಗೇ ಇರುವವರೇನೋ. ನಾಲ್ಕು ದಿನದಿಂದ ಒಟ್ಟಿಗೆ ಮಲಗಿದ್ದರೂ ಅವರು ನನ್ನ ಊರು ಕೇಳಿದ್ದರು, ಕೇರಿ ಕೇಳಿರಲಿಲ್ಲ. ಕೇಳಿದ್ದರೆ ಏನಾಗುತ್ತಿತ್ತು ಅಂತ ಲೆಕ್ಕ ಹಾಕುತ್ತಾ ಸ್ಲೀಪಿಂಗ್ ಬ್ಯಾಗಿನಲ್ಲಿ ಎಚ್ಚರ ಇದ್ದವನು ನಾನು. ಅವರು ಗೊರಕೆ ಹೊಡೆಯುತ್ತಿದ್ದರು.

ಊರಿಗೆ ಬಂದ ಮೇಲೆ ಮಗ್ ಬೈಕಿನ ಬ್ಯಾಗಿನಲ್ಲೇ ಉಳಿಯಿತು. ಸುದ್ದಿಗೆ ಹೋದ ಕಡೆಯೆಲ್ಲ ಪೇಪರ್ ಕಪ್‌ನಲ್ಲಿ ಚಹಾ. ಪೇಪರ್ ಕಪ್ ಒಳಗೆ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ. 15 ನಿಮಿಷ ಬಿಸಿ ನೀರು ಅದರಲ್ಲಿದ್ದರೆ 100 ಎಂ.ಎಲ್.ಗೆ ಸುಮಾರು 25 ಸಾವಿರ ಸೂಕ್ಷ್ಮ ಪ್ಲಾಸ್ಟಿಕ್ ಕಣ ಸೇರುತ್ತವೆ ಅಂತ ಖರಗ್‌ಪುರ ಐಐಟಿಯವರು 2020ರಲ್ಲಿ ಹೇಳಿದ್ದಾರೆ. ದಿನಕ್ಕೆ ಆರೇಳು ಚಹಾ ಕುಡಿಯುವವನು ನಾನು. ಹಾಗಾಗಿ ಎಲ್ಲಿ ಹೋದರೂ ನನ್ನ ಮಗ್ ಮುಂದೆ ಹಿಡಿಯುವುದು ಅಭ್ಯಾಸವಾಯಿತು. ಹೆಮ್ಮೆಯೂ ಇತ್ತು ಅನ್ನಿ.

ಪಕ್ಕದ ತಾಲ್ಲೂಕಿನ ಒಂದು ಊರಿಗೆ ಕುಡಿಯುವ ನೀರಿನ ಸುದ್ದಿಗೆ ಹೋಗಿದ್ದೆ. ಕೇರಿಯ ಬೋರ್‌ವೆಲ್ ಮೋಟಾರು ಸುಟ್ಟು ಇಪ್ಪತ್ತು ದಿನವಾಗಿತ್ತು. ಮಾತಾಡಿದ ಮೇಲೆ ಒಬ್ಬ ಅಜ್ಜಿ ಮನೆಯೊಳಗೆ ಕರೆದು ಕೂರಿಸಿದಳು. ಸೊಸೆ ಚಹಾ ತಂದಳು. ಫಳಫಳ ತೊಳೆದ ಸ್ಟೀಲ್ ಲೋಟ. ನೀರಿಲ್ಲದ ಮನೆಯಲ್ಲಿ ತೊಳೆದ ಲೋಟ. ನಾನು ಯೋಚನೆ ಮಾಡದೆ ಬ್ಯಾಗಿನ ಜಿಪ್ ಎಳೆದು, "ಇದಕ್ಕೇ ಹಾಕಮ್ಮ" ಅಂತ ಮಗ್ ಚಾಚಿದೆ.

ಸೊಸೆ ನಿಂತಳು. ಅಜ್ಜಿ ಕೇಳಿದಳು, "ಯಾಕಪ್ಪಾ, ನಮ್ಮನೆ ಲೋಟ ಆಗಾಕಿಲ್ವಾ?"

ನನಗೆ ಮೈ ಬೆವರಿತು. "ಹಂಗಲ್ಲ ಅಜ್ಜಿ, ನಾನೂ ನಿಮ್ಮೋನೇ" ಅಂತ ನಮ್ಮ ಊರು, ಕೇರಿ, ಅಪ್ಪನ ಹೆಸರು ಎಲ್ಲಾ ಹೇಳಿದೆ.

ಅಜ್ಜಿ ಸಮಾಧಾನ ಆಗಲಿಲ್ಲ. "ಹಂಗಾರೆ ಇನ್ನೂ ಯಾಕೆ?" ಅಂದಳು.

ಮಗ್ ಒಳಗಿಟ್ಟು ಅವರ ಲೋಟದಲ್ಲಿ ಕುಡಿದೆ. ಇನ್ನೊಂದು ಲೋಟ ಹಾಕಿಸಿಕೊಂಡೆ. ಆದರೂ ಅದು ಸರಿಹೋಗಲಿಲ್ಲ ಅಂತ ನನಗೆ ಗೊತ್ತು. ನೀರಿನ ಸುದ್ದಿ ಬಂತು, ಮೋಟಾರು ರಿಪೇರಿಯಾಯಿತು, ಆ ಪ್ರಶ್ನೆ ಮಾತ್ರ ನನ್ನ ಹತ್ತಿರ ಹಾಗೇ ಇದೆ. ಬಾಗಿಲು ಹಾಕಿದ್ದಕ್ಕೆ ಅಜ್ಜ ತನ್ನ ಲೋಟ ಹೊತ್ತ. ನಾನು ಅದನ್ನೇ ಒಯ್ದು ಬಾಗಿಲು ತೆರೆದು ಕರೆದವರ ಮುಂದೆ ಹಿಡಿದೆ.

ಆಮೇಲೆ ಮೂರು ನಿಯಮ ಮಾಡಿಕೊಂಡಿದ್ದೇನೆ. ಬೆಟ್ಟಕ್ಕೆ, ಬಸ್ ಸ್ಟ್ಯಾಂಡಿಗೆ, ಎಲ್ಲರಿಗೂ ಪೇಪರ್ ಕಪ್ ಕೊಡುವ ಕಡೆಗೆ ನನ್ನ ಮಗ್. ಯಾರದೇ ಮನೆಯೊಳಗೆ ಕರೆದು ಕೊಟ್ಟರೆ ಅವರ ಮನೆಯ ಲೋಟ. ಮೂರನೆಯದು ಸ್ವಲ್ಪ ಕಷ್ಟದ್ದು. ಈಗ ಸೂರಿನಲ್ಲಿ ಚಿಪ್ಪು ಕಾಣುವುದಿಲ್ಲ. ಆದರೆ ಕೆಲವು ಚಹಾದಂಗಡಿಗಳಲ್ಲಿ ಕೆಲವರಿಗೆ ಗಾಜಿನ ಲೋಟ, ಕೆಲವರಿಗೆ ಪೇಪರ್ ಕಪ್ ಬರುತ್ತದೆ. ಕೇಳಿದರೆ "ಗ್ಲಾಸ್ ತೊಳೆದಿಲ್ಲ ಸಾರ್" ಅನ್ನುತ್ತಾರೆ. ಅಂಥ ಕಡೆ ಮಗ್ ತೆಗೆದರೆ ಅಂಗಡಿಯವರಿಗೇ ಅನುಕೂಲ. ಅಲ್ಲಿ ಬ್ಯಾಗ್ ಮುಟ್ಟುವುದಿಲ್ಲ. "ತೊಳೆದು ಕೊಡಿ, ಕಾಯ್ತೀನಿ" ಅಂತ ನಿಲ್ಲುತ್ತೇನೆ. ಒಂದೊಂದು ಸಲ ಹತ್ತು ನಿಮಿಷ ಕಾಯಬೇಕಾಗುತ್ತದೆ.

ನೀವು ಮಗ್ ಕೊಳ್ಳುವುದಾದರೆ ಮೇಲೆ ಹೇಳಿದ್ದನ್ನೆಲ್ಲ ನೋಡಿ ಕೊಳ್ಳಿ. ಎಲ್ಲಾ ನೆನಪಿಡಲು ಆಗದಿದ್ದರೆ ಒಂದು ಸಾಕು, ಹಿಡಿ ಗಟ್ಟಿ ಇರಲಿ. ಉಳಿದ ಇಪ್ಪತ್ತು ರೂಪಾಯಿ ವಾಪಸ್ ಕೊಡಲು ಹೋದರೆ ಅಪ್ಪ ತೆಗೆದುಕೊಳ್ಳಲಿಲ್ಲ. ಅದರಲ್ಲಿ ಇಬ್ಬರೂ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿದೆವು. ಗಾಜಿನ ಲೋಟದಲ್ಲಿ, ಒಳಗೆ ಕೂತು.